ಅಜ್ಜಿಯ ಫೋನಿಗೆ ಕರೆಂಟು ಬೇಕಾದದ್ದು

ನಮ್ಮ ಮನೆಯ ಫೋನ್ ನಂಬರ್ ಶುರುವಾಗುವುದು 04998ರಿಂದ. ಕುಂಬಳೆ, ಬದಿಯಡ್ಕ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಈಗ ಆ ನಂಬರಿಗೆ ಫೋನ್ ಮಾಡುವವರು ನಾಲ್ಕೈದು ಜನ, ಎಲ್ಲರೂ ಅರುವತ್ತು ದಾಟಿದವರು. ಒಂದು ಕಾಲದಲ್ಲಿ ನಮ್ಮ ಇಡೀ ವಾಳೆಗೆ ಇದ್ದದ್ದು ಅದೊಂದೇ ನಂಬರಂತೆ. ಬೇರೆಯವರ ಮದುವೆ ಕಾಗದದಲ್ಲೂ ‘ಪಿ.ಪಿ.’ ಎಂದು ಬರೆದು ನಮ್ಮ ನಂಬರ್ ಹಾಕುತ್ತಿದ್ದರು. ಕುವೈಟಿನಿಂದ ಫೋನ್ ಬಂದರೆ ಅಜ್ಜಿ ಅಂಗಳದ ತುದಿಗೆ ಹೋಗಿ ಕೂಗು ಹಾಕುವುದು, ತೋಟದಾಚೆಯ ಮನೆಯವರು ಓಡಿ ಬರುವುದು. ಇದನ್ನೆಲ್ಲ ನಾವು ಮೊಮ್ಮಕ್ಕಳು ಕೇಳಿ ಮಾತ್ರ ಬಲ್ಲೆವು.

ಆಗ ಅದು ಬಿಎಸ್‌ಎನ್‌ಎಲ್ ಅಲ್ಲ, ಕೇಂದ್ರ ಸರಕಾರದ ಇಲಾಖೆ. 2000ದ ಅಕ್ಟೋಬರ್ 1ರಂದು ಕೆಲಸವೆಲ್ಲ ಬಿಎಸ್‌ಎನ್‌ಎಲ್ ಕಂಪೆನಿಯ ಕೈಗೆ ಬಂತು. ಬದಲಾದದ್ದು ಬಿಲ್ಲಿನ ಮೇಲಿನ ಹೆಸರು ಮಾತ್ರ ಎಂದು ಅಜ್ಜ ಹೇಳುತ್ತಾರೆ. ಅಜ್ಜಿಯ ತವರು ಮಂಗಳೂರು ಹತ್ತಿರ. ಬಸ್ಸಿನಲ್ಲಿ ಹೋದರೆ ಎರಡು ಗಂಟೆಯೊಳಗಿನ ದಾರಿ, ಆದರೆ ಫೋನಿಗೆ ಅದು 0824, ಎಸ್‌ಟಿಡಿ. 2006ರ ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ನಿಮಿಷಕ್ಕೆ ಒಂದು ರೂಪಾಯಿಯ ಪ್ಲಾನ್ ಬರುವವರೆಗೆ ಅಜ್ಜಿ ಮಾತಿಗಿಂತ ಹೆಚ್ಚು ಗಡಿಯಾರವನ್ನೇ ನೋಡುತ್ತಿದ್ದರು. 2015ರ ಮೇ 1ರಿಂದ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಲ್ಯಾಂಡ್‌ಲೈನಿನಿಂದ ಎಲ್ಲ ಕಾಲ್ ಫ್ರೀ ಆದದ್ದು ಮಾತ್ರ ನಮಗೇ ನೆನಪುಂಟು. ನಮ್ಮ ಮನೆಯಲ್ಲಿ ಊಟದ ಸಮಯ ಎಂಟೂವರೆಗೆ ಬಂತು. ಒಂಬತ್ತಾಗುವಾಗ ಅಜ್ಜಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು, ತಂಗಿಯೊಟ್ಟಿಗೆ ಮಾತು ಮುಗಿಯುವಾಗ ನಮಗೆಲ್ಲ ಒಂದು ನಿದ್ದೆ ಆಗಿರುತ್ತಿತ್ತು.

ಇಷ್ಟಿದ್ದೂ, 2023ರ ಈಸ್ಟರ್ ಕಳೆದ ಮೇಲೆ ಹಳೆ ಲೈನ್ ತೆಗೆಸಿ ಫೈಬರ್ ಹಾಕಿಸಿದ್ದು ನಾವೇ. ಆನ್‌ಲೈನ್ ಕ್ಲಾಸಿಗೆ ರೇಂಜ್ ಹುಡುಕಿ ಗುಡ್ಡ ಹತ್ತಿದ ದಿನಗಳನ್ನು ಮರೆತಿರಲಿಲ್ಲ. ಹಳೆ ತಂತಿಯ ಮೂಲಕ ಬಂದ ಸಿಡಿಲಿಗೆ ಎರಡು ಸಲ ಫೋನು ಸುಟ್ಟದ್ದೂ ಉಂಟು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ಓಡುವುದು ಬೆಳಕು, ಸಿಡಿಲು ಅದರಲ್ಲಿ ಹರಿದು ಬರುವುದಿಲ್ಲ. ನಂಬರ್ ಹಳೆಯದೇ ಉಳಿಯಿತು, ಅಜ್ಜಿಯ ಕೆಂಪು ಫೋನನ್ನೇ ಮೋಡೆಮ್ಮಿಗೆ ಸಿಕ್ಕಿಸಿದೆವು. ‘ಅಜ್ಜಿ, ಎಲ್ಲ ಮೊದಲಿನ ಹಾಗೆಯೇ’ ಎಂದು ಹೇಳಿದ್ದೂ ನಾವೇ.

ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಒಂದು ರೋಸ್ ಇತ್ತು. ಅಪ್ಪ, ಅಮ್ಮ, ನಾವು ಮೂವರು ಹೋಗಿದ್ದೆವು. ಮನೆಯಲ್ಲಿ ಅಜ್ಜ, ಅಜ್ಜಿ ಇಬ್ಬರೇ. ಸಂಜೆ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ರಾತ್ರಿ ಹತ್ತರ ಹೊತ್ತಿಗೆ ಅಜ್ಜನಿಗೆ ದಮ್ಮು ಜೋರಾಯಿತು. ಅಜ್ಜಿ ಕತ್ತಲೆಯಲ್ಲಿ ತಡವರಿಸಿ ರಿಸೀವರ್ ಎತ್ತಿದರೆ ಸದ್ದೇ ಇಲ್ಲ. ಅಜ್ಜನ ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಇಟ್ಟು, ಎತ್ತಿ, ಮತ್ತೆ ಇಟ್ಟು ಎತ್ತಿದರಂತೆ. ಕೊನೆಗೆ ಎಪ್ಪತ್ತಾರು ವರ್ಷದ ಅಜ್ಜಿ ಒಂದು ಟಾರ್ಚ್ ಹಿಡಿದು, ತಲೆಗೆ ಗೋಣಿ ಹಾಕಿಕೊಂಡು, ಜಾರುವ ತೋಟದೊಳಗೆ ಆಚೆ ಮನೆಗೆ ನಡೆದರು. ಅವರು ಜೀಪಿನಲ್ಲಿ ಅಜ್ಜನನ್ನು ಆಸ್ಪತ್ರೆಗೆ ಮುಟ್ಟಿಸಿದರು. ಅರ್ಧ ಗಂಟೆ ತಡವಾಗಿದ್ದರೆ ಕಷ್ಟ ಇತ್ತು ಎಂದು ಡಾಕ್ಟರರು ಅಪ್ಪನಲ್ಲಿ ಹೇಳಿದರು.

ಮರುದಿನ ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ಮೊದಲಿನ ಫೋನು ಕರೆಂಟು ಕೇಳ್ತಿತ್ತಾ ಮಕ್ಕಳೇ?’ ಎಂದು ಮಾತ್ರ ಕೇಳಿದರು. ಉತ್ತರ ನಮಗೆ ಗೊತ್ತಿರಲಿಲ್ಲ. ಮೊದಲು ಹೇಗೆ ನಡೆಯುತ್ತಿತ್ತು ಎಂದು ನಾವು ಯಾವತ್ತೂ ಯೋಚಿಸಿದವರೇ ಅಲ್ಲ.

ಉತ್ತರ ಸಿಕ್ಕಿದ್ದು ಹಳೆಯ ಲೈನ್‌ಮ್ಯಾನ್ ಅಂಕಲ್ ಅಜ್ಜನನ್ನು ನೋಡಲು ಬಂದಾಗ. ನಮ್ಮ ಕಂಬ, ಪೆಟ್ಟಿಗೆ, ತಂತಿಯ ಜಾಯಿಂಟು ಎಲ್ಲ ಅವರ ತಲೆಯಲ್ಲೇ ಇದ್ದವು. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನಿಂದ ಸ್ವಯಂ ನಿವೃತ್ತಿ ಪಡೆದು ಒಟ್ಟಿಗೆ ಹೊರಬಂದ 78 ಸಾವಿರಕ್ಕೂ ಹೆಚ್ಚು ನೌಕರರಲ್ಲಿ ಅವರೂ ಒಬ್ಬರು. ಚಹಾ ಕುಡಿಯುತ್ತಾ ಅವರು ಹೇಳಿದ್ದು ಇದು: ಎಕ್ಸ್‌ಚೇಂಜಿನಲ್ಲಿ ಒಂದು ಕೋಣೆ ತುಂಬ ಬ್ಯಾಟರಿ ಇರುತ್ತದೆ. ಎರಡೆರಡು ವೋಲ್ಟಿನ ಇಪ್ಪತ್ತನಾಲ್ಕು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟು. ಆ 48 ವೋಲ್ಟು ತಾಮ್ರದ ಜೋಡಿ ತಂತಿಯಲ್ಲೇ ನಮ್ಮ ಮನೆಯವರೆಗೆ ಬರುತ್ತಿತ್ತು. ಊರಿಡೀ ಕತ್ತಲಾದರೂ ಫೋನಿಗೆ ಊಟ ಎಕ್ಸ್‌ಚೇಂಜಿನಿಂದ. ಬ್ಯಾಟರಿ ಇಳಿದರೆ ಚಾರ್ಜ್ ಮಾಡಲು ಡೀಸೆಲ್ ಇಂಜಿನ್. ರಿಂಗಾಗುವಾಗ ವೋಲ್ಟೇಜ್ ಇನ್ನೂ ಹೆಚ್ಚು, ಕಂಬದ ಮೇಲೆ ಕೂತು ತಂತಿ ಹಿಡಿದಿರುವಾಗ ಯಾರಾದರೂ ಆ ನಂಬರಿಗೆ ಫೋನ್ ಮಾಡಿದರೆ ‘ಛಟ್’ ಎಂದು ಶಾಕ್. ಇದನ್ನು ಹೇಳಿ ಅವರು ನಕ್ಕರು, ಅಜ್ಜನೂ ನಕ್ಕರು. ಗಾಜಿನ ಎಳೆಯಲ್ಲಿ ಬೆಳಕು ಮಾತ್ರ ಬರುತ್ತದೆ, ಕರೆಂಟು ಬರುವುದಿಲ್ಲ. ಮೋಡೆಮ್ಮಿಗೆ ಊಟ ಮನೆಯವರೇ ಕೊಡಬೇಕು.

ಹಾಗೆಂದು ಫೈಬರ್ ಬೇಡವಿತ್ತು ಎಂದು ನಮಗೆ ಈಗಲೂ ಅನಿಸುವುದಿಲ್ಲ. ಕುವೈಟಿನ ದೊಡ್ಡಪ್ಪನ ಮುಖವನ್ನು ಅಜ್ಜಿ ಟಿವಿಯಷ್ಟು ದೊಡ್ಡದಾಗಿ ನೋಡುತ್ತಾರೆ. ತಪ್ಪಾದದ್ದು ‘ಎಲ್ಲ ಮೊದಲಿನ ಹಾಗೆಯೇ’ ಎಂಬ ನಮ್ಮ ಮಾತಿನಲ್ಲಿ. ಮೋಡೆಮ್ಮಿಗೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆಯೊಂದನ್ನು ನಾವು ಮೂವರು ಕೈಯಿಂದ ಹಣ ಹಾಕಿ ತಂದೆವು. ಮೂರು ನಾಲ್ಕು ಗಂಟೆ ತಡೆಯುತ್ತದೆ. ನಮ್ಮ ಮಳೆಗಾಲಕ್ಕೆ ಅದು ಸಾಲದು, ಆದ್ದರಿಂದ ಅಜ್ಜನ ಮೊಬೈಲನ್ನು ರಾತ್ರಿ ಚಾರ್ಜಿಗೆ ಇಡುವ ಪಾಳಿಯೂ ನಮ್ಮದೇ.

ಆಮೇಲೆ ವಾಳೆಯಲ್ಲಿ ವಯಸ್ಸಾದವರೇ ಇರುವ ಆರು ಮನೆಗಳಿಗೆ ಹೋಗಿ ಕೇಳಿದೆವು. ಐದು ಮನೆಯಲ್ಲಿ ಫೈಬರ್ ಬಂದಿತ್ತು, ಕರೆಂಟು ಹೋದರೆ ಫೋನು ನಿಲ್ಲುತ್ತದೆಂದು ಗೊತ್ತಿದ್ದದ್ದು ಒಂದೇ ಮನೆಯವರಿಗೆ. ಅದೂ ಮಗ ಇಲೆಕ್ಟ್ರಿಷಿಯನ್ ಆದ್ದರಿಂದ.

ಅಜ್ಜಿ ಈಗ ನಮ್ಮ ಮಾತನ್ನು ಸುಮ್ಮನೆ ನಂಬುವುದಿಲ್ಲ. ಪ್ರತಿ ಶನಿವಾರ ಸಂಜೆ ನಮ್ಮಲ್ಲಿ ಒಬ್ಬರನ್ನು ಕರೆದು ಮೇನ್ ಸ್ವಿಚ್ ಆಫ್ ಮಾಡಿಸುತ್ತಾರೆ. ಫ್ಯಾನು ನಿಲ್ಲುವವರೆಗೆ ಕಾಯುತ್ತಾರೆ. ಆಮೇಲೆ ಕೆಂಪು ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟು, ‘ಹಾಂ, ಉಂಟು. ಇನ್ನು ಹಾಕು’ ಎನ್ನುತ್ತಾರೆ.