ಜೀರ್ಜಿಂಬೆ ರೆಕ್ಕೆ, ದುರ್ಯೋಧನನ ಕಿರೀಟ

ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಜೀರ್ಜಿಂಬೆ ಸಾಕಿದವರು ನೀವಾದರೆ, ಲಂಡನ್ನಿನ ಟೇಟ್ ಬ್ರಿಟನ್‌ನಲ್ಲಿರೋ ಒಂದು ಪೇಂಟಿಂಗನ್ನ ಗೂಗಲ್ ಮಾಡಿ ನೋಡಿ. ಲೇಡಿ ಮ್ಯಾಕ್‌ಬೆತ್ ಪಾತ್ರದಲ್ಲಿ ನಟಿ ಎಲೆನ್ ಟೆರಿ. 1889ರಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಬರೆದದ್ದು. ಆಕೆ ತೊಟ್ಟಿರೋ ಹಸಿರು ಗೌನು ಮಿಂಚೋದು ಮುತ್ತುರತ್ನದಿಂದಲ್ಲ. ಅದಕ್ಕೆ ಹೊಲಿದಿದ್ದು ನಮ್ಮ ಜೀರ್ಜಿಂಬೆ ಜಾತಿಯ ಹುಳುಗಳ ರೆಕ್ಕೆ, ಹೆಚ್ಚುಕಮ್ಮಿ ಒಂದು ಸಾವಿರ.

1888ರ ಡಿಸೆಂಬರ್ ಕೊನೆಗೆ ಲೈಸಿಯಂ ಥಿಯೇಟರಿನಲ್ಲಿ ನಾಟಕ ಶುರುವಾಯ್ತು. ನೋಡಿದ ಸಾರ್ಜೆಂಟ್, ಆಕೆಯನ್ನ ಬರೆಯಲೇಬೇಕು ಅಂತ ಹಿಂದೆ ಬಿದ್ದ. (ಇದೇ ನಾಟಕ 1895ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರ ಕೈಲಿ ‘ಪ್ರತಾಪರುದ್ರದೇವ’ ಆಗಿ ಕನ್ನಡಕ್ಕೂ ಬಂತು.) ಚಿತ್ರದಲ್ಲಿ ಆಕೆ ಎರಡೂ ಕೈಯಲ್ಲಿ ಕಿರೀಟ ಎತ್ತಿ ತನ್ನ ತಲೆಗೆ ತಾನೇ ಇಟ್ಟುಕೊಳ್ತಿದ್ದಾಳೆ. ಮಜಾ ಅಂದ್ರೆ, ಅಂಥ ದೃಶ್ಯ ಷೇಕ್ಸ್‌ಪಿಯರ್ ಬರೆದದ್ದರಲ್ಲೂ ಇಲ್ಲ, ಲೈಸಿಯಂನಲ್ಲಿ ಆಡಿದ್ದರಲ್ಲೂ ಇರಲಿಲ್ಲ. ಸಾರ್ಜೆಂಟನೇ ಕಲ್ಪಿಸಿಕೊಂಡದ್ದು. ಆದರೂ ಆ ಪಾತ್ರದ ಆಸೆ, ಆ ಆಸೆಯ ಕೇಡು, ಎರಡೂ ಅದೊಂದು ಭಂಗಿಯಲ್ಲಿವೆ.

ನಮ್ಮನೇಲೂ ಒಂದು ಕಿರೀಟದ ಚಿತ್ರ ಇದೆ. ಪಿರಿಯಾಪಟ್ಟಣದ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಅಪ್ಪ ದುರ್ಯೋಧನ.

ನಮ್ಮ ಕಡೆ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕದಲ್ಲಿ ನಟನಿಗೆ ಸಂಭಾವನೆ ಇಲ್ಲ. ನಟನೇ ದುಡ್ಡು ಕೊಟ್ಟು ಪಾರ್ಟು ತಗೋಬೇಕು. ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ಸೀನರಿ, ಡ್ರೆಸ್ಸು ಎಲ್ಲದರ ಖರ್ಚು ಪಾತ್ರಗಳ ಮೇಲೆ ಬೀಳುತ್ತೆ. ದೊಡ್ಡ ಪಾರ್ಟಿಗೆ ದೊಡ್ಡ ರೇಟು. ಆ ವರ್ಷ ಹೊಗೆಸೊಪ್ಪಿಗೆ ಮಾತ್ರ ರೇಟು ಸಿಕ್ಕಿರಲಿಲ್ಲ. ಅಪ್ಪ ಅಮ್ಮನ ಸರ ಅಡವಿಟ್ಟರು. ಅದು ವಾಪಸ್ ಬರಲೇ ಇಲ್ಲ.

ಹೋದ ವರ್ಷ ಊರಲ್ಲಿ ಹೊಸ ಮನೆ ಕಟ್ಟಿಸಿದೆ. ಅಪ್ಪ ಕೇಳಿದ್ದು ಒಂದೇ: ಆ ಫೋಟೋ ನೋಡಿ ದೊಡ್ಡದಾಗಿ ಪೇಂಟಿಂಗ್ ಬರೆಸಿ ಹಾಲ್‌ನಲ್ಲಿ ಹಾಕು ಅಂತ. ಅಮ್ಮ ಒಪ್ಪಲಿಲ್ಲ. “ಆ ಕಿರೀಟಕ್ಕೆ ನನ್ ಸರ ಹೋಗೈತೆ. ದಿನಾ ಅದ್ನೇ ನೋಡ್ಕಂಡು ಕೂರಾಕಾಗಲ್ಲ.”

ಇಬ್ಬರ ಮಾತೂ ನ್ಯಾಯವೇ. ಫೋಟೋ ತೆಗೆಸಿದ್ದು ನಾಟಕಕ್ಕೆ ಮುಂಚೆ. ಬಣ್ಣ ಹಸಿಯಾಗಿದೆ, ಮೀಸೆ ಮೇಲೆ ಕೈಯಿದೆ, ಹೆಗಲ ಮೇಲೆ ಗದೆಯಿದೆ. ಈ ದುರ್ಯೋಧನ ಇನ್ನೂ ಏನನ್ನೂ ಕಳಕೊಂಡಿಲ್ಲ. ರನ್ನನ ‘ಗದಾಯುದ್ಧ’ವನ್ನ ಬಿ.ಎಂ.ಶ್ರೀ ನಾಟಕ ಮಾಡಿದ್ದು, ಎಲ್ಲ ಕಳಕೊಂಡರೂ ಬಗ್ಗದ ದುರ್ಯೋಧನ ಸಿಕ್ಕಿದ್ದಕ್ಕೆ. ಊರಿನ ನಾಟಕದಲ್ಲಿ ಅವನು ಬರೋ ಹೊತ್ತಿಗೆ ಬೆಳಗಿನ ಜಾವ. ಅರ್ಧ ಊರು ಚಾಪೆ ಮೇಲೆ ಮಲಗಿರುತ್ತೆ, ಫೋಟೋದವನು ಮನೆಗೆ ಹೋಗಿರ್ತಾನೆ.

ಹುಣಸೂರಿನ ಒಬ್ಬ ಪೇಂಟರ್‌ಗೆ ಹೇಳಿದೆ: ಕೊನೇ ಸೀನು ಬರೀರಿ. “ನೋಡಿ ಬರೆಯೋಕೆ ಒಂದು ಫೋಟೋ ಕಳಿಸಿ” ಅಂದ್ರು. ಇರಲಿಲ್ಲ. ಅಪ್ಪನ್ನ ಕೇಳಿದ್ರೆ, “ಬಿದ್ದಿದ್ದೋನಿಗೆ ಏನು ಗೊತ್ತಾಗುತ್ತೆ?” ಅಂತ ನಕ್ಕರು.

ಒಳಗಿಂದ ಅಮ್ಮ ಬಂದು ಫೋನ್ ಇಸ್ಕೊಂಡರು. “ಬರ್ಕಳಿ ಸಾರ್. ತೊಡೆ ಮುರ್ದು ಬಿದ್ದವ್ರೆ. ಬಣ್ಣ ಬೆವರಲ್ಲಿ ಇಳ್ದೋಗೈತೆ. ಕಿರೀಟ ತಲೆ ಮೇಲೆ ಇಲ್ಲ, ಪಕ್ಕದಲ್ಲೈತೆ. ಎಡಗೈ ಅದ್ರ ಮೇಲೈತೆ, ಬಿಟ್ಟಿಲ್ಲ.”

ಅವತ್ತು ಬೆಳಗಿನ ತನಕ ರೆಪ್ಪೆ ಮುಚ್ಚದೆ ಕೂತಿದ್ದವರು ಅಮ್ಮ ಅಂತ ನನಗೆ ಗೊತ್ತಾಗಿದ್ದೇ ಆಗ.