ಪುರುಸೊತ್ತಿನ ಪಟ್ಟಣಗಳು

ನಾವು ಪುರುಸೊತ್ತು ಎನ್ನುತ್ತೇವೆ, ಮಲೆಯಾಳದಲ್ಲಿ ಸಾವಕಾಶಂ ಎನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಇವೆರಡರ ವ್ಯತ್ಯಾಸ ದಿನವೂ ಕಿವಿಗೆ ಬೀಳುತ್ತದೆ. ಪುರುಸೊತ್ತು ನಮ್ಮ ಕೈಯಲ್ಲೇ ಇರುವಂಥದ್ದು. ಸಾವಕಾಶವನ್ನು ಎದುರಿನವರು ಕೊಡಬೇಕು. ಸಾಲದ ಕಂತು ಕಟ್ಟಲಾಗದವರು ಬಂದು ಕೇಳುವುದು ಅದನ್ನೇ.

ಮಂಗಳೂರಿನಿಂದ ತಿರುವನಂತಪುರದವರೆಗೆ ರೈಲುದಾರಿಯ ದೊಡ್ಡ ಪಟ್ಟಣಗಳಲ್ಲಿ ಯಾವುದು ನಿಧಾನದ್ದು, ಯಾವುದು ಧಾವಂತದ್ದು ಎಂಬ ಚರ್ಚೆ ನಮ್ಮ ಊಟದ ವಿರಾಮದಲ್ಲಿ ಆಗಾಗ ಬರುವುದುಂಟು. ಕೊಚ್ಚಿ ಧಾವಂತದ್ದು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. 2017ರಲ್ಲಿ ಮೆಟ್ರೋ ಬಂದ ಮೇಲೂ ವೈಟ್ಟಿಲ ಜಂಕ್ಷನ್ನಿನಲ್ಲಿ ರಸ್ತೆ ದಾಟುವವನ ಎದೆಬಡಿತ ಇಳಿದಿಲ್ಲ. 2023ರಲ್ಲಿ ಶುರುವಾದ ಜಲ ಮೆಟ್ರೋದ ದೋಣಿಯಲ್ಲಿ ಕುಳಿತರೆ ಮಾತ್ರ ಸ್ವಲ್ಪ ಉಸಿರು ಬಿಡಬಹುದು.

ತಿರುವನಂತಪುರ ನೋಡಲು ಬಹಳ ಸಮಾಧಾನದ ಊರು. ಏರಿಳಿತದ ರಸ್ತೆಗಳು, ದೊಡ್ಡ ಮರಗಳು, ಮ್ಯೂಸಿಯಂ ಆವರಣದಲ್ಲಿ ಸಂಜೆ ನಡೆಯುವ ನಿವೃತ್ತರು. ಪದ್ಮನಾಭಸ್ವಾಮಿ ದೇವಸ್ಥಾನದ ಎದುರಿನ ಮೇತ್ತನ್ ಮಣಿ ಎಂಬ ಹಳೆಯ ಗಡಿಯಾರದಲ್ಲಿ ಗಂಟೆಗೊಮ್ಮೆ ಎರಡು ಟಗರುಗಳು ಬಂದು ಗಡ್ಡದವನ ಕೆನ್ನೆಗೆ ಗುದ್ದುತ್ತವೆ. ಅದನ್ನು ನೋಡಲು ಜನ ಕತ್ತೆತ್ತಿ ಕಾಯುತ್ತಾರೆ. ಆದರೆ ನಮ್ಮಂಥವರು ಅಲ್ಲಿಗೆ ಐನೂರಕ್ಕೂ ಹೆಚ್ಚು ಕಿಲೋಮೀಟರು ರೈಲಿನಲ್ಲಿ ಹೋಗುವುದು ಗಡಿಯಾರ ನೋಡಲಿಕ್ಕಲ್ಲವಲ್ಲ. ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದೆಂದು 1969ರ ಆಡಳಿತ ಭಾಷಾ ಕಾಯಿದೆಯಲ್ಲಿದೆ. ಅದನ್ನು ನಂಬಿ ನಾನೊಮ್ಮೆ ಕನ್ನಡದಲ್ಲಿ ಬರೆದ ಅರ್ಜಿಯೊಂದನ್ನು ಅಲ್ಲಿಯ ಕಚೇರಿಯೊಂದಕ್ಕೆ ಒಯ್ದಿದ್ದೆ. ಮೇಜಿನ ಆಚೆಗಿದ್ದವರು ಅದನ್ನು ತಿರುಗಿಸಿ, ಮತ್ತೆ ತಿರುಗಿಸಿ, ಸಿಟ್ಟೇನೂ ಮಾಡದೆ ನನ್ನ ಕಡೆಗೇ ಸರಿಸಿದರು. ಅವರಿಗೆ ಪುರುಸೊತ್ತು ಬೇಕಾದಷ್ಟಿತ್ತು.

ಮಂಗಳೂರಿನ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿಯ ಸಿಟಿ ಬಸ್ಸಿನಷ್ಟು ಅವಸರದ ವಾಹನ ಕೊಚ್ಚಿಯಲ್ಲೂ ಇಲ್ಲ. ಕಾಲು ಮೇಲಿಡುವ ಮೊದಲೇ ‘ರೈಟ್ ಪೋಯಿ’. ಆದರೂ ಹಂಪನಕಟ್ಟೆಯಲ್ಲಿ ಇಳಿದೊಡನೆ ನಮ್ಮ ನಾಲಿಗೆಯ ಗಂಟು ಸಡಿಲವಾಗುತ್ತದೆ. ಅಂಗಡಿಯಲ್ಲಿ ತುಳುವಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರೂ ಯಾರೂ ಮುಖ ನೋಡುವುದಿಲ್ಲ. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದೂರದ ಈ ಊರಿಗೆ ನಾವು ಔಷಧಿಗೆ, ಮದುವೆ ಜವಳಿಗೆ, ಮಕ್ಕಳ ಕಾಲೇಜಿಗೆ ಯೋಚಿಸದೆ ಹೋಗುತ್ತಿದ್ದೆವು. 1956ರಲ್ಲಿ ಎಳೆದ ಗೆರೆ ತಲಪಾಡಿಯಲ್ಲಿದೆ ಎಂಬುದೇ ಮರೆತುಹೋಗಿತ್ತು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಆ ಗೆರೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳು ಗಡಿಯಲ್ಲೇ ಉಳಿದರು.

ನನ್ನ ಅಮ್ಮನ ಎದೆನೋವು ಆ ದಿನಗಳದ್ದೇ. ಪಾಸು ಮಾಡಿಸಿ, ಕಾರಿನಲ್ಲಿ ತೆಂಕಲಾಗಿ ಕಲ್ಲಿಕೋಟೆಗೆ ಹೋದೆವು. ಅಮ್ಮನಿಗೆ ಕನ್ನಡ, ತುಳು ಬಿಟ್ಟರೆ ಮಲೆಯಾಳ ಅಷ್ಟಕ್ಕಷ್ಟೆ. ನಾನು ಮಧ್ಯೆ ಬಾಯಿ ಹಾಕಿ ಹೇಳಲು ಹೊರಟಾಗ ಆ ಡಾಕ್ಟರು ನನ್ನನ್ನು ಕೈಸನ್ನೆಯಲ್ಲಿ ತಡೆದು, ‘ಅಮ್ಮೇ, ಸಾವಕಾಶಂ ಪರಞ್ಞಾಲ್ ಮದಿ’ ಎಂದರು. ನಿಧಾನವಾಗಿ ಹೇಳಿದರೆ ಸಾಕು. ಅಮ್ಮ ಹೇಳಿದಳು: ಹಿಡಿದ ಹಾಗೆ, ಬೆನ್ನಿಗೆ ಹೋದ ಹಾಗೆ, ಆಮೇಲೆ ತಂಗಿಯ ಮನೆಯ ವಿಷಯವನ್ನೂ. ಅರ್ಧ ತುಳು, ಕಾಲು ಕನ್ನಡ. ಅವರು ಕೊನೆಯವರೆಗೆ ಕೇಳಿದರು.

ಕಲ್ಲಿಕೋಟೆಗೆ 2023ರಲ್ಲಿ ಯುನೆಸ್ಕೋದ ಸಾಹಿತ್ಯ ನಗರವೆಂಬ ಗೌರವ ಬಂದಾಗ ನಮ್ಮ ಬ್ಯಾಂಕಿನ ಮಲೆಯಾಳಿ ಮಿತ್ರರು ಪೊಟ್ಟೆಕ್ಕಾಡ್, ಬಷೀರರ ಹೆಸರು ಹೇಳಿ ಹೆಮ್ಮೆಪಟ್ಟರು. ನನಗೆ ಆ ಡಾಕ್ಟರ ಕೈಸನ್ನೆ ನೆನಪಾಯಿತು.

ಗಡಿ ತೆರೆದು ವರ್ಷಗಳಾದವು. ಅಮ್ಮ ಮಾತ್ರ ತಪಾಸಣೆಗೆ ಕಲ್ಲಿಕೋಟೆಯೇ ಆಗಬೇಕೆನ್ನುತ್ತಾಳೆ. ಮಂಗಳೂರಾದರೆ ಅರ್ಧ ದಿನದ ರಜೆ ಸಾಕು, ಇಲ್ಲಿಗೆ ಇಡೀ ದಿನ ಹೋಗುತ್ತದೆ. ಕೆಲಸ ಮುಗಿಸಿ ಮಿಠಾಯಿ ತೆರುವಿಗೆ ನಡೆಯಬೇಕು, ಪೊಟ್ಟೆಕ್ಕಾಡರ ಪ್ರತಿಮೆ ದಾಟಿ, ಹಲ್ವದ ಅಂಗಡಿಗೆ. ಅವಳು ತುಳುವಿನಲ್ಲಿ, ಅಂಗಡಿಯವನು ಮಲೆಯಾಳದಲ್ಲಿ, ಕಾಲು ಕಿಲೋ ಕಪ್ಪು ಹಲ್ವಕ್ಕೆ ದರ ಮಾತಾಡುತ್ತಾರೆ. ರೈಲಿಗೆ ಹೊತ್ತಾಯಿತೆಂದು ನಾನು ವಾಚು ನೋಡುತ್ತ ನಿಂತಿರುತ್ತೇನೆ.