ಈಶಾನ್ಯದ ಬಾವಿ, ವಾಯವ್ಯದ ಗುಂಡಿ

ಕುಂದಾಪುರ ದಾಟಿ ಮರವಂತೆಗೆ ಬಂದವರು ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಎಂದು ಬಾಯಿ ಬಿಟ್ಟು ನೋಡಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಅದೇನೂ ತಪ್ಪಲ್ಲ. ನನಗೆ ಮಾತ್ರ ಈ ಕರಾವಳಿಯ ಮನೆಗಳ ಹಿಂಬದಿಯನ್ನು ನೋಡುವ ಚಟ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಕಂಡರೆ ಆ ಮನೆಯ ಅರ್ಧ ಚರಿತ್ರೆ ಗೊತ್ತಾದ ಹಾಗೆ.

ಹಳೆಯ ಮನೆಗಳಲ್ಲಿ ಹಂಡೆಯ ಪಕ್ಕದ ತೂಬಿನಿಂದ ಇಳಿದ ನೀರು ಅಡಿಕೆ ದಂಬೆಯಲ್ಲಿ ಹರಿದು ಸೀದಾ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ತೆಂಗು ಕುಡಿದು ಮಿಕ್ಕದ್ದು ಬಾಳೆಗೆ, ಬಾಳೆ ಬಿಟ್ಟದ್ದು ಕೆಸುವಿಗೆ, ಕಡೆಯ ತಂಪು ಒಂದೆಲಗಕ್ಕೆ. ಆ ಒಂದೆಲಗವನ್ನು ಮಾತ್ರ ತಂಬುಳಿಗೆ ಕೊಯ್ಯುವಂತಿಲ್ಲ ಎಂದು ಅಜ್ಜಿಯ ಕಟ್ಟಪ್ಪಣೆ. ಹತ್ತು ಹೆಜ್ಜೆಯೊಳಗೆ ಸೀಗೆ, ಗೊಂಪು, ಎಣ್ಣೆಜಿಡ್ಡು ಎಲ್ಲ ಮಾಯ. ಮಣ್ಣಿನ ಸೂಕ್ಷ್ಮಾಣುಗಳು ಕೊಳೆಯನ್ನು ತಿನ್ನುತ್ತವೆ, ಬೇರು ನೀರನ್ನು ಹೀರುತ್ತದೆ. ಇವತ್ತು ಎಂಜಿನಿಯರುಗಳು ಜಲ್ಲಿ ಹಾಸಿ, ಕಾಬಾಳೆ ನೆಟ್ಟು, ನಕ್ಷೆ ಬರೆದು ಮಾಡಿಸುವುದೂ ಹೆಚ್ಚುಕಡಿಮೆ ಇದನ್ನೇ.

ಈಗ ಹಂಡೆ ಹೋಗಿ ಗೀಸರ್ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು. 2019ರಲ್ಲಿ ಶುರುವಾದ ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡುವ ಲೆಕ್ಕ ಇಟ್ಟುಕೊಂಡಿದೆ. ನಲ್ಲಿಯಲ್ಲಿ ಬಂದ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ? ಪಂಚಾಯತಿಯವರು ಉದ್ಯೋಗ ಖಾತ್ರಿಯಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಳ್ಳಿ ಎನ್ನುತ್ತಾರೆ. ಒಳ್ಳೆಯ ಯೋಜನೆಯೇ. ಆದರೆ ಕಡಲ ಬದಿಯ ಹೊಯಿಗೆ ನೆಲದಲ್ಲಿ ಜೂನ್ ಬಂತೆಂದರೆ ಗುಂಡಿ ಮೇಲಿನಿಂದಲ್ಲ, ಕೆಳಗಿನಿಂದ ತುಂಬುತ್ತದೆ!

ಬಚ್ಚಲ ನೀರಿನದು ದೊಡ್ಡ ಸಂಗತಿಯಲ್ಲ, ಬಿಡಿ. ನಿಜವಾದ ತಲೆಬಿಸಿ ಪಾಯಿಖಾನೆ ಗುಂಡಿಯದು.

ನೆರೆಮನೆಯಲ್ಲಿ ಸಿಮೆಂಟ್ ರಿಂಗು ಇಳಿಸುತ್ತಿದ್ದಾಗ ಮೇಸ್ತ್ರಿಯನ್ನು ಕೇಳಿದೆ: “ಎಷ್ಟು ಆಳ ಮಾರಾಯ್ರೆ?”

“ನೀರು ಸಿಕ್ಕುವವರೆಗೆ ಇಳಿಸುವ. ಮತ್ತೆ ಜನ್ಮದಲ್ಲಿ ತುಂಬುವುದಿಲ್ಲ.”

ಮನೆಯ ಯಜಮಾನರ ಮುಖದಲ್ಲಿ ಧನ್ಯತೆ. ತುಂಬದ ಗುಂಡಿ ನಮ್ಮಲ್ಲಿ ಅಂತಸ್ತಿನ ವಿಷಯ. ಅದು ತುಂಬದೆ ಇರುವುದು ಒಳಗಿದ್ದದ್ದು ಬಾವಿಯ ನೀರಿಗೇ ಹೋಗಿ ಸೇರುವುದರಿಂದ ಎಂದು ಆ ಶುಭ ಮುಹೂರ್ತದಲ್ಲಿ ಹೇಳುವುದು ಹೇಗೆ? ಕೊಳೆನೀರು ಒಣ ಮಣ್ಣಿನಲ್ಲಿ ನಿಧಾನವಾಗಿ ಜಿನುಗಿದರೆ ರೋಗಾಣುಗಳು ದಾರಿಯಲ್ಲೇ ಸಾಯುತ್ತವೆ. ಗುಂಡಿಯೇ ನೀರಿನಲ್ಲಿ ಕೂತರೆ ಅವು ಸಾಯಲು ದಾರಿಯೇ ಇಲ್ಲ. ಅದಕ್ಕೇ ಇಂಥ ನೆಲಕ್ಕೆ ಆಳವಿಲ್ಲದ ಜೋಡಿ ಗುಂಡಿ ವಾಸಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು. ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ವಾಸನೆಯಿಲ್ಲದ ಗೊಬ್ಬರ. ಗುಂಡಿಯನ್ನು ನೆಲದಿಂದ ಸ್ವಲ್ಪ ಎತ್ತರಿಸಿ, ತಳ ಮುಚ್ಚಿ, ಸುತ್ತ ಅರ್ಧ ಮೀಟರಿನಷ್ಟು ಸಣ್ಣ ಮರಳು ತುಂಬಿದರೆ ಮಳೆಗಾಲದ ಭಯವೂ ಕಡಿಮೆ.

ಇಷ್ಟೂ ಆದಮೇಲೆ ವಾಸ್ತು ಬರುತ್ತದೆ. ಬಾವಿ ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ. ಒಂದು ಮನೆಯ ಮಟ್ಟಿಗೆ ಚೊಕ್ಕ ಲೆಕ್ಕ. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ ಹದಿನಾಲ್ಕು ಮೀಟರು. ಬಾವಿಗೂ ಗುಂಡಿಗೂ ಬೇಕೆನ್ನುವ ಹತ್ತು ಮೀಟರು ಧಾರಾಳ ಸಿಗುತ್ತದೆ. ಆದರೆ ಸಾಲಾಗಿ ಮನೆಗಳಿದ್ದರೆ? ನನ್ನ ವಾಯವ್ಯ ಮೂಲೆಗೆ ತಾಗಿಕೊಂಡೇ ಇರುವುದು ಪಡುಮನೆಯವರ ಈಶಾನ್ಯ ಮೂಲೆ. ಅಲ್ಲಿ ಅವರ ಬಾವಿ, ಇಲ್ಲಿ ನನ್ನ ಗುಂಡಿ, ನಡುವೆ ಒಂದು ಆವಾರದ ಗೋಡೆ. ಅವರ ಗುಂಡಿ ಇನ್ನೂ ಪಡುವಣದವರ ಬಾವಿಗೆ. ಎಲ್ಲರೂ ಶಾಸ್ತ್ರೋಕ್ತವಾಗಿಯೇ ಕಟ್ಟಿದ್ದಾರೆ, ಯಾರನ್ನೂ ಬೈಯುವಂತಿಲ್ಲ. ಮಕ್ಕಳಿಗೆ ಹೊಟ್ಟೆ ಕೆಟ್ಟರೆ ನಿನ್ನೆ ತಿಂದ ಬಂಗುಡೆಯ ಮೇಲೆ ಗುಮಾನಿ.

ಹೊಸ ಮನೆ ಕಟ್ಟಿಸುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ರಿಂಗು ಇಳಿಸುವ ಮೊದಲು ಟೇಪು ಹಿಡಿದುಕೊಂಡು ಗೋಡೆಯಾಚೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ಬಾವಿ ಮೊದಲೇ ಕಟ್ಟಿಯಾಗಿದೆ. ಜರುಗಿಸಲು ಸಾಧ್ಯವಿರುವುದು ನಿಮ್ಮ ಗುಂಡಿಯನ್ನು ಮಾತ್ರ.